ಮಾಲೆ ತೆಗೆದ ಮರುದಿನ: ಕುಡಿತ ಬಿಡಲು ಗುಂಪು ಹುಡುಕಿದ ಗುಮಾಸ್ತರೊಬ್ಬರ ಪ್ರಕರಣ

ಈ ಪ್ರಕರಣದ ವ್ಯಕ್ತಿ ತುಮಕೂರು ಸೀಮೆಯ ತಾಲ್ಲೂಕು ಕೇಂದ್ರವೊಂದರ ಕೊಬ್ಬರಿ ಮಂಡಿಯಲ್ಲಿ ಗುಮಾಸ್ತರು. ವಯಸ್ಸು 44, ಓದು ಪಿಯುಸಿವರೆಗೆ, ಮನೆಯಲ್ಲಿ ಪತ್ನಿ, ಇಬ್ಬರು ಮಕ್ಕಳು ಮತ್ತು ವಯಸ್ಸಾದ ತಾಯಿ ಇದ್ದಾರೆ. ಗುರುತು ಸಿಗಬಾರದೆಂದು ಹೆಸರನ್ನೂ ಊರನ್ನೂ ಬಿಟ್ಟಿದೆ. ವ್ಯಸನ ಚಿಕಿತ್ಸೆಯ ಕೆಲಸದಲ್ಲಿ ಮತ್ತೆ ಮತ್ತೆ ಎದುರಾಗುವ ಸಂಗತಿಗಳನ್ನು ಒಬ್ಬರ ಸುತ್ತ ಜೋಡಿಸಿ ಬರೆದಿರುವುದರಿಂದ ಇದನ್ನು ಯಾರೋ ಒಬ್ಬರ ಜೀವನಚರಿತ್ರೆ ಎಂದು ಓದಬಾರದು.

ಗುಮಾಸ್ತರ ಕುಡಿತ ಶುರುವಾದದ್ದು ಇಪ್ಪತ್ತರ ಹರೆಯದಲ್ಲಿ, ಹರಾಜಿನ ದಿನದ ವಹಿವಾಟು ಮುಗಿದು ಲೆಕ್ಕ ಚುಕ್ತಾ ಆದ ಮೇಲೆ, ವ್ಯಾಪಾರಿಗಳ ಜೊತೆಯಲ್ಲಿ. ಮೊದಲ ಹತ್ತು ಹನ್ನೆರಡು ವರ್ಷ ಅದು ಹರಾಜಿನ ದಿನಕ್ಕಷ್ಟೇ ಸೀಮಿತವಾಗಿತ್ತು. ಆಸ್ಪತ್ರೆಗೆ ಬರುವ ಹೊತ್ತಿಗೆ ದಿನಕ್ಕೆ ಎರಡು ಕ್ವಾರ್ಟರ್, ಅಂದರೆ 360 ಮಿಲಿಲೀಟರ್ ವಿಸ್ಕಿ ಬೇಕಾಗುತ್ತಿತ್ತು. ನಮ್ಮಲ್ಲಿ ಮಾರುವ ವಿಸ್ಕಿ, ಬ್ರಾಂದಿಗಳಲ್ಲಿ ಆಲ್ಕೋಹಾಲ್ ಶೇ. 42.8ರಷ್ಟು ಇರುವುದರಿಂದ ಅವರ ದೇಹಕ್ಕೆ ದಿನವೂ ಸುಮಾರು 120 ಗ್ರಾಂ ಶುದ್ಧ ಆಲ್ಕೋಹಾಲ್ ಹೋಗುತ್ತಿತ್ತು. ಗಂಡಸರಲ್ಲಿ ಇದು 100 ಗ್ರಾಂ ದಾಟಿದರೆ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಅತಿ ಹೆಚ್ಚಿನ ಅಪಾಯದ ಮಟ್ಟವೆಂದು ಪರಿಗಣಿಸುತ್ತದೆ. ಬೆಳಿಗ್ಗೆ ಮಂಡಿಯಲ್ಲಿ ತೂಕದ ಚೀಟಿ ಬರೆಯುವಾಗ ಬಲಗೈ ನಡುಗುತ್ತಿತ್ತು; 7 ಎಂದು ಬರೆದದ್ದು 1ರಂತೆ ಕಾಣುತ್ತದೆಂದು ರೈತರೊಬ್ಬರು ತಕರಾರು ತೆಗೆದ ಮೇಲೆ, ಅಂಗಡಿ ಬಾಗಿಲು ತೆರೆಯುವ ಮೊದಲೇ ಒಂದು ತೊಂಬತ್ತು, ಅಂದರೆ 90 ಮಿಲಿಲೀಟರ್, ಹಾಕಿಕೊಳ್ಳುವುದು ರೂಢಿಯಾಯಿತು. ಅದು ಒಳಗಿಳಿದ ಸ್ವಲ್ಪ ಹೊತ್ತಿಗೆ ಕೈ ನಿಲ್ಲುತ್ತಿತ್ತು, ಅಕ್ಷರವೂ ದುಂಡಗಾಗುತ್ತಿತ್ತು. ತಾನು ಕುಡಿಯುವುದು ಮೋಜಿಗಲ್ಲ, ಕೆಲಸಕ್ಕೆ ಎಂದು ಅವರು ನಂಬಿದ್ದರು. ಚಟದ ಮಟ್ಟಿಗೆ ಅದು ತಪ್ಪು ತಿಳಿವಳಿಕೆಯಾದರೂ ದೇಹದ ಮಟ್ಟಿಗೆ ನಿಜವೇ ಆಗಿತ್ತು.

ಮನೆಯವರು ಇದನ್ನು ಕಾಯಿಲೆ ಎಂದು ಒಪ್ಪದಿರಲು ಒಂದು ಬಲವಾದ ಕಾರಣವಿತ್ತು. ಗುಮಾಸ್ತರು ಹಲವು ವರ್ಷಗಳಿಂದ ನವೆಂಬರ್ ನಡುವಿನಲ್ಲಿ ಅಯ್ಯಪ್ಪ ಮಾಲೆ ಹಾಕುತ್ತಿದ್ದರು. ವ್ರತದ 41 ದಿನವೂ ಒಂದು ತೊಟ್ಟು ಮುಟ್ಟುತ್ತಿರಲಿಲ್ಲ. ಬೆಳಗಿನ ಜಾವ ತಣ್ಣೀರ ಸ್ನಾನ, ಸಂಜೆ ದೇವಸ್ಥಾನದಲ್ಲಿ ಭಜನೆ, ರಾತ್ರಿ ಇತರ ಮಾಲಾಧಾರಿಗಳ ಜೊತೆ ಚಾಪೆಯ ಮೇಲೆ ನಿದ್ದೆ, ಎಲ್ಲಕ್ಕೂ ಹೇಳಿ ಕೇಳುವ ಗುರುಸ್ವಾಮಿ. ಶಬರಿಮಲೆಗೆ ಹೋಗಿ ಬಂದು ಮಾಲೆ ತೆಗೆದ ಮರುದಿನವೋ ಅದರ ಮಾರನೆಯ ದಿನವೋ ಮತ್ತೆ ಬಾರಿನ ಮೆಟ್ಟಿಲು ಹತ್ತುತ್ತಿದ್ದರು. ‘ದೇವರಿಗೆ ಬಿಡೋಕಾಗುತ್ತೆ, ಹೆಂಡತಿ ಮಕ್ಕಳಿಗೆ ಬಿಡೋಕಾಗಲ್ವಾ?’ ಎಂಬುದು ಪತ್ನಿಯ ಪ್ರಶ್ನೆಯಾಗಿತ್ತು. ಆ ಪ್ರಶ್ನೆಯಲ್ಲಿ ನೋವಿತ್ತು, ತರ್ಕವೂ ಇತ್ತು. ಆದರೆ ಅದರಲ್ಲಿ ಬಿಟ್ಟುಹೋದ ಅಂಶವೊಂದಿದೆ: ಆ 41 ದಿನಗಳಲ್ಲಿ ಅವರು ಒಬ್ಬರೇ ಇರುತ್ತಿರಲಿಲ್ಲ. ಕುಡಿಯುವ ಗೆಳೆಯರು ತಾವಾಗಿಯೇ ದೂರ ಉಳಿಯುತ್ತಿದ್ದರು, ಕುಡಿಯದವರು ದಿನವೂ ಸುತ್ತ ಇರುತ್ತಿದ್ದರು, ಸಂಜೆಯ ಹೊತ್ತಿಗೆ ಹೋಗಬೇಕಾದ ಜಾಗ ನಿಶ್ಚಿತವಾಗಿತ್ತು. ಮಾಲೆ ತೆಗೆದ ದಿನ ಅದೆಲ್ಲವೂ ಒಟ್ಟಿಗೆ ಚದುರಿಹೋಗುತ್ತಿತ್ತು. ಮುಂದೆ ಈ ಪ್ರಕರಣದಲ್ಲಿ ನಡೆದ ಚಿಕಿತ್ಸೆಯೆಲ್ಲ ಒಂದರ್ಥದಲ್ಲಿ ಚದುರದ ಒಂದು ಜೊತೆಯನ್ನು ಹುಡುಕುವ ಕೆಲಸವೇ ಆಯಿತು.

ಆಸ್ಪತ್ರೆಗೆ ಬಂದ ಬಗೆ

ಆ ವರ್ಷ ಮಾಲೆ ಹಾಕುವ ಹಿಂದಿನ ರಾತ್ರಿಯವರೆಗೂ ಅವರು ಎಂದಿನಷ್ಟೇ ಕುಡಿದಿದ್ದರು. ಮಾಲೆ ಹಾಕಿದ ದಿನ ಬೆವರು, ನಡುಕ, ವಾಕರಿಕೆ ಕಾಣಿಸಿಕೊಂಡವು. ಉಪವಾಸದ ಸುಸ್ತೆಂದು ಸುತ್ತಲಿನವರು ಭಾವಿಸಿದರು. ಮರುದಿನ ಬೆಳಿಗ್ಗೆ ದೇವಸ್ಥಾನದ ಜಗಲಿಯಲ್ಲಿಯೇ ಫಿಟ್ಸ್ ಬಂದು ಬಿದ್ದರು. ಕೈಗೆ ಕಬ್ಬಿಣ ಕೊಡುವುದೂ ಆಯಿತು, ದೇವರ ಮುನಿಸು ಎಂಬ ಮಾತೂ ಆಯಿತು. ಮೂರ್ಛೆರೋಗವೆಂದು ಆಸ್ಪತ್ರೆಗೆ ಕರೆತಂದವರಿಗೆ ಕುಡಿತದ ವಿಷಯ ಹೇಳಬೇಕೆಂದು ತೋಚಿರಲಿಲ್ಲ. ಮಾಲೆ ಹಾಕಿದವರ ಬಗ್ಗೆ ಆ ಮಾತು ಬಾಯಿಗೆ ಬರುವುದೂ ಕಷ್ಟ.

ವರ್ಷಗಟ್ಟಲೆ ದಿನವೂ ಕುಡಿದ ಮೆದುಳು ಮದ್ಯದ ಮಂದಗೊಳಿಸುವ ಪರಿಣಾಮಕ್ಕೆ ಎದುರಾಗಿ ತನ್ನನ್ನು ತಾನೇ ಹೆಚ್ಚು ಚುರುಕಾಗಿ ಇಟ್ಟುಕೊಂಡಿರುತ್ತದೆ. ಮದ್ಯ ಒಮ್ಮೆಲೇ ನಿಂತಾಗ ಆ ಚುರುಕು ಹಿಡಿತ ತಪ್ಪುತ್ತದೆ. ಕೊನೆಯ ಗುಟುಕಿನ ನಂತರದ 6ರಿಂದ 48 ಗಂಟೆಗಳೊಳಗೆ ಫಿಟ್ಸ್ ಬರಬಹುದು, ಎರಡರಿಂದ ನಾಲ್ಕನೆಯ ದಿನದ ನಡುವೆ ಸನ್ನಿ ಹಿಡಿಯಬಹುದು, ಚಿಕಿತ್ಸೆ ಇಲ್ಲದಿದ್ದರೆ ಪ್ರಾಣಕ್ಕೂ ಕುತ್ತು. ಗುಮಾಸ್ತರಿಗೆ ವಾರ್ಡಿನಲ್ಲಿ ಮೂರನೆಯ ರಾತ್ರಿ ಸನ್ನಿ ಹಿಡಿಯಿತು. ಅವರು ಮಂಚದ ಅಂಚಿನಲ್ಲಿ ಕುಳಿತು, ಇಲ್ಲದ ಚೀಟಿಯ ಮೇಲೆ ಇಲ್ಲದ ಪೆನ್ನಿನಿಂದ ಬರೆಯುತ್ತ, ‘ಇನ್ನೊಂದು ಮೂಟೆ ಇಡ್ರಪ್ಪ, ಮುಳ್ಳು ನಿಲ್ಲಲಿ’ ಎಂದು ನರ್ಸಿಗೆ ಹೇಳುತ್ತಿದ್ದರು. ಸನ್ನಿಯಲ್ಲಿ ಮನುಷ್ಯ ತನ್ನ ಕಸುಬಿನ ಚಲನೆಗಳನ್ನೇ ಮಾಡುತ್ತಿರುವುದು ವೈದ್ಯರಿಗೆ ಚೆನ್ನಾಗಿ ಪರಿಚಿತವಾದ ಲಕ್ಷಣ. ಪತ್ನಿ ಅದನ್ನು ನೋಡಿದ ರಾತ್ರಿಯೇ ಇದು ಹಟವಲ್ಲ, ಕಾಯಿಲೆ ಎಂದು ಒಪ್ಪಿದರು.

ಥಯಾಮಿನ್ ಎಂಬ ಬಿ1 ಜೀವಸತ್ವದ ಚುಚ್ಚುಮದ್ದು, ಮದ್ಯ ನಿಂತಾಗಿನ ನಡುಕ, ಫಿಟ್ಸ್ ತಡೆಯುವ, ದಿನದಿಂದ ದಿನಕ್ಕೆ ಪ್ರಮಾಣ ಇಳಿಸುತ್ತ ಹೋದ ಕ್ಲೋರ್‌ಡಯಾಜೆಪಾಕ್ಸೈಡ್ ಮಾತ್ರೆ, ನೀರು, ಊಟ, ನಿದ್ದೆ: ವಾರದಲ್ಲಿ ದೇಹ ಹದಕ್ಕೆ ಬಂತು. ವಿಶ್ವ ಆರೋಗ್ಯ ಸಂಸ್ಥೆಯ ಹತ್ತು ಪ್ರಶ್ನೆಗಳ ‘ಆಡಿಟ್’ ಮಾಪನದಲ್ಲಿ 40ಕ್ಕೆ ಅವರು ಪಡೆದದ್ದು 27; ಅದರಲ್ಲಿ 20 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅವಲಂಬನೆ ಇರುವ ಸಾಧ್ಯತೆ ಹೆಚ್ಚು. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಬೆಳಿಗ್ಗೆ ಎದ್ದ ಕೂಡಲೇ ಕುಡಿಯಬೇಕಾಗುವ ಸ್ಥಿತಿ ತಲುಪಿದವರು ಹರಕೆಗಾಗಲಿ, ಶಿಬಿರಕ್ಕಾಗಲಿ, ಗುಂಪಿನ ಸಭೆಗಾಗಲಿ ವೈದ್ಯರನ್ನು ಕಾಣದೆ ಒಮ್ಮೆಲೇ ಬಿಟ್ಟು ಹೋಗಬಾರದು. ಗುಂಪು ಕುಡಿತ ಬಿಟ್ಟ ಸ್ಥಿತಿಯನ್ನು ಕಾಪಾಡುತ್ತದೆ. ಬಿಡಿಸುವಾಗಿನ ಮೊದಲ ವಾರದ ಅಪಾಯವನ್ನು ಅದು ತಡೆಯಲಾರದು.

ಚೀಟಿಯಲ್ಲಿ ಬರೆದ ಒಂದು ಸಾಲು

ಬಿಡುಗಡೆಯ ಚೀಟಿಯ ಕೊನೆಯಲ್ಲಿ ‘ಎಎ ಸಭೆಗೆ ಹಾಜರಾಗಲು ಸಲಹೆ ನೀಡಲಾಗಿದೆ’ ಎಂದಿತ್ತು. ಎಎ, ಅಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್, 1935ರಲ್ಲಿ ಅಮೆರಿಕದ ಓಹಿಯೋ ರಾಜ್ಯದ ಆಕ್ರನ್ ಊರಿನಲ್ಲಿ ಇಬ್ಬರು ಕುಡುಕರು, ಒಬ್ಬ ಷೇರು ದಲ್ಲಾಳಿ ಮತ್ತು ಒಬ್ಬ ಶಸ್ತ್ರವೈದ್ಯ, ಪರಸ್ಪರ ಮಾತಾಡಿಕೊಂಡು ಕುಡಿತ ಬಿಟ್ಟದ್ದರಿಂದ ಹುಟ್ಟಿದ ಕೂಟ. ಅದರ ಸದಸ್ಯತ್ವಕ್ಕೆ ಇರುವ ಒಂದೇ ಅರ್ಹತೆ ಕುಡಿತ ಬಿಡಬೇಕೆಂಬ ಆಸೆ. ಶುಲ್ಕವಿಲ್ಲ, ನೋಂದಣಿಯಿಲ್ಲ, ಪೂರ್ತಿ ಹೆಸರು ಹೇಳಬೇಕಾಗಿಲ್ಲ. ಇದ್ಯಾವುದನ್ನೂ ಗುಮಾಸ್ತರಿಗೆ ಯಾರೂ ವಿವರಿಸಿರಲಿಲ್ಲ. ನಮ್ಮ ಆಸ್ಪತ್ರೆಗಳಲ್ಲಿ ಈ ಒಂದು ಸಾಲು ಬರೆದರೆ ಮುಂದಿನ ಹೊಣೆ ರೋಗಿಯದು ಎಂಬ ಭಾವನೆ ಬೇರೂರಿದೆ. ಔಷಧದ ಹೆಸರು, ಪ್ರಮಾಣ, ಹೊತ್ತು ಬರೆಯುವ ನಾವು ಗುಂಪಿನ ಜಾಗ, ದಿನ, ಭಾಷೆ, ಬಸ್ಸು ಬರೆಯುವುದಿಲ್ಲ.

ಹೀಗೆ ಬರೆದುಕೊಟ್ಟ ಸಲಹೆಯ ಗತಿ ಏನೆಂಬುದಕ್ಕೆ ಅಮೆರಿಕದಲ್ಲಿ ನಡೆದು 1981ರಲ್ಲಿ ಪ್ರಕಟವಾದ ಒಂದು ಪುಟ್ಟ ಅಧ್ಯಯನ ಸಾಕ್ಷಿ. ಹೊರರೋಗಿಗಳಾಗಿದ್ದ 20 ಜನರಲ್ಲಿ ಅರ್ಧದಷ್ಟು ಜನರಿಗೆ ಸಭೆಯ ವಿವರ ಕೊಟ್ಟು ಹೋಗಿರೆಂದು ಹೇಳಲಾಯಿತು. ಉಳಿದವರಿಗೆ ಸಲಹೆಗಾರರ ಎದುರೇ ಗುಂಪಿನ ಸದಸ್ಯರೊಬ್ಬರಿಗೆ ಫೋನ್ ಮಾಡಿಸಿ, ಅವರೇ ಬಂದು ಜೊತೆಯಲ್ಲಿ ಕರೆದೊಯ್ಯುವ ಏರ್ಪಾಡು ಮಾಡಲಾಯಿತು. ಎರಡನೆಯ ಗುಂಪಿನ ಎಲ್ಲರೂ ಸಭೆಗೆ ಹೋದರು, ಮೊದಲನೆಯ ಗುಂಪಿನ ಒಬ್ಬರೂ ಹೋಗಲಿಲ್ಲ. ಸಂಖ್ಯೆ ಚಿಕ್ಕದೆಂಬುದು ನಿಜ, ಆದರೂ ನಮ್ಮ ಹೊರರೋಗಿ ವಿಭಾಗಗಳಲ್ಲಿ ಕಣ್ಣಾರೆ ಕಾಣುವುದು ಇದನ್ನೇ.

ಆದರೂ ಗುಮಾಸ್ತರು ತಾವಾಗಿಯೇ ಒಂದು ಪ್ರಯತ್ನ ಮಾಡಿದರು. ಬೆಂಗಳೂರಿನಲ್ಲಿರುವ ಭಾವಮೈದ ಅಂತರ್ಜಾಲದಲ್ಲಿ ನೋಡಿ ಒಂದು ಗುಂಪಿಗೆ ಕರೆದೊಯ್ದರು. ಬೆಂಗಳೂರಿನಲ್ಲಿ ಕನ್ನಡ, ಇಂಗ್ಲಿಷ್, ತಮಿಳು ಹೀಗೆ ಬೇರೆ ಬೇರೆ ಭಾಷೆಗಳಲ್ಲಿ ಸಭೆಗಳು ನಡೆಯುತ್ತವೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ಮನೆಗೆ ಹತ್ತಿರವಾದದ್ದಕ್ಕೆ ಹೋದರು, ಅಲ್ಲಿ ಮಾತೆಲ್ಲ ಇಂಗ್ಲಿಷಿನಲ್ಲಿ ನಡೆಯಿತು. ಯಾರೂ ಅವಮಾನ ಮಾಡಲಿಲ್ಲ. ಚಹಾ ಕೊಟ್ಟರು, ಕೈಕುಲುಕಿದರು, ಮತ್ತೆ ಬರಲು ಹೇಳಿದರು. ಆದರೆ ಇತರರು ನಕ್ಕಾಗ ತಾನೂ ನಗಬೇಕೋ ಬೇಡವೋ ತಿಳಿಯದೆ ಒಂದೂವರೆ ಗಂಟೆ ಕುಳಿತು ಬಂದವರು ‘ಅದು ಓದಿದೋರ ಜಾಗ, ನಮ್ಮಂಥೋರಿಗಲ್ಲ’ ಎಂದು ತೀರ್ಮಾನಿಸಿದರು. ಇಂಥ ತೀರ್ಮಾನವನ್ನು ಕಡತದಲ್ಲಿ ‘ಸಹಕಾರವಿಲ್ಲ’ ಎಂದು ಬರೆದುಬಿಡುವುದು ಸುಲಭ. ನನ್ನ ದೃಷ್ಟಿಯಲ್ಲಿ ಅದು ಸಹಕಾರದ ಕೊರತೆಯಲ್ಲ, ಗುಂಪು ಹೊಂದದೆ ಹೋದದ್ದು. ಒಂದು ಮಾತ್ರೆ ಒಗ್ಗದಿದ್ದರೆ ಬದಲಿಸುವ ವೈದ್ಯಶಾಸ್ತ್ರ ಗುಂಪಿನ ವಿಷಯದಲ್ಲಿ ಮಾತ್ರ ಒಂದೇ ಸಲಕ್ಕೆ ತೀರ್ಪು ಕೊಡುವುದು ಸರಿಯಲ್ಲ.

ಆಮೇಲೆ ಯೋಚಿಸಿದ ದಾರಿ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆ ರಾಜ್ಯದ ಊರೂರುಗಳಲ್ಲಿ ನಡೆಸುವ ಮದ್ಯವರ್ಜನ ಶಿಬಿರ. ಊರಿನವರೇ ಸಮಿತಿ ಮಾಡಿಕೊಂಡು, ಕಲ್ಯಾಣ ಮಂಟಪವನ್ನೋ ಸಮುದಾಯ ಭವನವನ್ನೋ ಹಿಡಿದು, ಶಿಬಿರಾರ್ಥಿಗಳನ್ನು ಅಲ್ಲಿಯೇ ಉಳಿಸಿಕೊಂಡು ಸುಮಾರು ಒಂದು ವಾರ ನಡೆಸುವ ಈ ಶಿಬಿರಗಳ ಜಾಣತನ ಇರುವುದು ಶಿಬಿರಕ್ಕಿಂತ ಹೆಚ್ಚಾಗಿ ಅದರ ಮುಂದಿನ ಹಂತದಲ್ಲಿ. ಬಿಟ್ಟವರನ್ನೆಲ್ಲ ಸೇರಿಸಿ ನವಜೀವನ ಸಮಿತಿಗಳನ್ನು ಕಟ್ಟಿ, ಅವರು ಆಗಾಗ ಸೇರುವಂತೆ ನೋಡಿಕೊಳ್ಳುವುದರಲ್ಲಿ. ಗುಮಾಸ್ತರಿಗೆ ಇದು ಮನಸ್ಸಿಗೆ ಹಿಡಿಸಿತ್ತು. ಆದರೆ ಸುತ್ತಮುತ್ತ ಮುಂದಿನ ಶಿಬಿರಕ್ಕೆ ಇನ್ನೂ ತಿಂಗಳುಗಳಿದ್ದವು. ಆಸ್ಪತ್ರೆಯಿಂದ ಬಂದವರಿಗೆ ಮೊದಲ ಮೂರು ತಿಂಗಳೇ ಜಾರುವ ಕಾಲವಾದ್ದರಿಂದ ಕಾಯುವುದು ಬೇಡವೆಂದಾಯಿತು.

ಕೊನೆಗೆ ಜಿಲ್ಲಾ ಕೇಂದ್ರದಲ್ಲಿ ಭಾನುವಾರ ಸಂಜೆ ಕನ್ನಡದಲ್ಲಿ ನಡೆಯುವ ಎಎ ಗುಂಪೊಂದು ಸಿಕ್ಕಿತು. ಸಿಕ್ಕ ಬಗೆ ಹೀಗೆ: ಎಎ ಜಾಲತಾಣದ ಸಭೆಗಳ ಪಟ್ಟಿಯಿಂದ ಫೋನ್ ಸಂಖ್ಯೆ ತೆಗೆದು, ಸಮಾಲೋಚನೆಯ ಕೋಣೆಯಲ್ಲಿಯೇ ಕರೆ ಮಾಡಿ, ಗುಮಾಸ್ತರ ಕೈಗೇ ಫೋನ್ ಕೊಡಲಾಯಿತು. ಆ ಕಡೆಯ ವ್ಯಕ್ತಿ ಉಪದೇಶ ಮಾಡಲಿಲ್ಲ. ‘ಬಸ್ ಸ್ಟ್ಯಾಂಡಿಗೆ ಐದೂವರೆಗೆ ಬಂದ್ಬಿಡಿ ಅಣ್ಣ, ಪ್ಲಾಟ್‌ಫಾರಂ ಹತ್ರ ನಾನೇ ಇರ್ತೀನಿ. ಕೊನೇ ಬಸ್ಸಿಗೆ ವಾಪಸ್ ಹತ್ತಿಸೋದೂ ನನ್ನ ಜವಾಬ್ದಾರಿ’ ಎಂದರು. ಗುಮಾಸ್ತರನ್ನು ಸಭೆಗೆ ಕರೆದೊಯ್ದದ್ದು ಈ ಎರಡು ವಾಕ್ಯಗಳು ಎಂದರೆ ತಪ್ಪಾಗಲಾರದು. ಹೀಗೆ ಹುಡುಕುವವರಿಗೆ ಇನ್ನೆರಡು ದಾರಿಗಳಿವೆ: ವ್ಯಸನಮುಕ್ತಿಗೆ ಸಂಬಂಧಿಸಿದ ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ 14446, ಮತ್ತು ಕನ್ನಡದಲ್ಲಿಯೂ ಮಾತಾಡಬಹುದಾದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ.

ಸಭೆಯ ಒಳಗೆ

ಸಭೆ ನಡೆಯುತ್ತಿದ್ದುದು ಚರ್ಚಿಗೆ ಸೇರಿದ ಶಾಲೆಯ ಒಂದು ಕೋಣೆಯಲ್ಲಿ. ಗುಮಾಸ್ತರ ತಾಯಿಗೆ ಇದು ತಿಳಿದಾಗ ಮಗನನ್ನು ಮತಾಂತರ ಮಾಡುತ್ತಾರೆಂದು ಗಾಬರಿಯಾದರು. ಈ ಭಯ ನಮ್ಮಲ್ಲಿ ಅಪರೂಪವಲ್ಲ, ಅದನ್ನು ನಕ್ಕು ತಳ್ಳಿಹಾಕುವುದರಿಂದ ಹಲವರು ಸಭೆ ತಪ್ಪಿಸುತ್ತಾರೆ. ಸಂಜೆ ಹೊತ್ತು ಖಾಲಿ ಇರುವ, ಕಡಿಮೆ ಬಾಡಿಗೆಗೆ ಸಿಗುವ ಕೋಣೆಗಳು ಅಲ್ಲಿರುವುದೇ ಕಾರಣ, ಗುಂಪಿಗೆ ಯಾವ ಧರ್ಮದ ಜೊತೆಗೂ ನಂಟಿಲ್ಲ, ಕುಡಿತ ಬಿಟ್ಟು ಬಾಳಲು ಎಎ ಹೇಳುವ ಹನ್ನೆರಡು ಹೆಜ್ಜೆಗಳಲ್ಲಿ ಬರುವ ದೇವರು ಅವರವರು ಅರಿತ ದೇವರು ಎಂದು ತಾಯಿಗೆ ವಿವರಿಸಲಾಯಿತು. ಮಗ ಅಲ್ಲಿ ಅಯ್ಯಪ್ಪನನ್ನೇ ನೆನೆದರೂ ಯಾರ ಅಡ್ಡಿಯೂ ಇಲ್ಲವೆಂದ ಮೇಲೆ ಅವರು ಸುಮ್ಮನಾದರು, ಪೂರ್ತಿ ಸಮಾಧಾನವಾಯಿತೆಂದು ಹೇಳಲಾರೆ.

ಮಕ್ಕಳು ಕೂರುವ ಗಿಡ್ಡ ಬೆಂಚುಗಳ ಮೇಲೆ ಹದಿನೈದರಷ್ಟು ಜನ. ಅವರಲ್ಲಿ ಒಬ್ಬ ಆಟೋ ಚಾಲಕ, ಒಬ್ಬ ನಿವೃತ್ತ ಮೇಷ್ಟ್ರು, ಗಾರೆ ಕೆಲಸದವರು, ಬ್ಯಾಂಕಿನವರೊಬ್ಬರು. ಮೊದಲು ಮೌನ ಮತ್ತು ಪ್ರಾರ್ಥನೆ, ಆಮೇಲೆ ಹೆಜ್ಜೆಗಳ ಓದು, ಬಳಿಕ ಒಬ್ಬೊಬ್ಬರ ಮಾತು. ‘ನನ್ನ ಹೆಸರು ಇಂಥದ್ದು, ನಾನೊಬ್ಬ ಮದ್ಯವ್ಯಸನಿ’ ಎಂದು ಶುರುಮಾಡಿ ತಮ್ಮ ವಿಷಯವನ್ನಷ್ಟೇ ಹೇಳುತ್ತಾರೆ. ನಡುವೆ ಯಾರೂ ಬಾಯಿ ಹಾಕುವುದಿಲ್ಲ, ಬುದ್ಧಿ ಹೇಳುವುದಿಲ್ಲ, ಮುಗಿದ ಮೇಲೆ ಪ್ರಶ್ನೆ ಕೇಳುವುದಿಲ್ಲ. ಕೊನೆಯಲ್ಲಿ ಒಂದು ಬಟ್ಟೆಯ ಚೀಲ ಕೈಯಿಂದ ಕೈಗೆ ಹೋಗುತ್ತದೆ. ಹಾಕುವವರು ಹತ್ತೋ ಇಪ್ಪತ್ತೋ ಹಾಕುತ್ತಾರೆ, ಬಾಡಿಗೆ ಮತ್ತು ಚಹಾ ಅದರಲ್ಲಿಯೇ ಆಗಬೇಕು, ಹೊರಗಿನವರ ದೇಣಿಗೆ ತೆಗೆದುಕೊಳ್ಳುವುದಿಲ್ಲ. ಗುಮಾಸ್ತರು ಮೊದಲ ಒಂದೂವರೆ ತಿಂಗಳು ತಮ್ಮ ಹೆಸರನ್ನಷ್ಟೇ ಹೇಳಿ ಕೂರುತ್ತಿದ್ದರು. ಬಾಯಿ ಬಿಟ್ಟದ್ದು ಗಾರೆ ಕೆಲಸದ ಒಬ್ಬರು ‘ಬೆಳಿಗ್ಗೆ ಒಂದು ತೊಂಬತ್ತು ಬೀಳದಿದ್ರೆ ನನ್ನ ತೂಗುಗುಂಡು ನಿಲ್ತಿರಲಿಲ್ಲ’ ಎಂದು ಹೇಳಿದ ದಿನ. ಚೀಟಿಯ ಮೇಲಿನ 7ರ ಕಥೆಯನ್ನು ಅವರು ಅಂದು ಮೊದಲ ಬಾರಿ ಹೇಳಿದರು. ವೈದ್ಯರಿಗೂ ಹೇಳಿರಲಿಲ್ಲ.

ಗುಂಪಿನಲ್ಲಿ ಹಳಬರೊಬ್ಬರು ಹೊಸಬರಿಗೆ ಬೆನ್ನಾಗಿ ನಿಲ್ಲುತ್ತಾರೆ, ಅವರನ್ನು ಸ್ಪಾನ್ಸರ್ ಎನ್ನುತ್ತಾರೆ. ಬಸ್ ಸ್ಟ್ಯಾಂಡಿನಲ್ಲಿ ಕಾದಿದ್ದ ಆ ವ್ಯಕ್ತಿಯೇ ಗುಮಾಸ್ತರ ಸ್ಪಾನ್ಸರ್ ಆದರು. ಸಂಜೆ ಆರರ ಹೊತ್ತಿಗೆ, ಮಂಡಿಯ ಲೆಕ್ಕ ಮುಗಿದು ಕಾಲು ಬಾರಿನ ಕಡೆ ಎಳೆಯುವ ಸಮಯಕ್ಕೆ, ದಿನವೂ ಒಂದು ಕರೆ. ಹಸಿವು, ಸಿಟ್ಟು, ಒಂಟಿತನ, ದಣಿವು ಈ ನಾಲ್ಕರಲ್ಲಿ ಇವತ್ತು ಯಾವುದಿದೆ ಎಂದು ಕೇಳುವುದು ಅವರ ಪದ್ಧತಿ. ಗುಮಾಸ್ತರ ಉತ್ತರ ಬಹುತೇಕ ದಿನ ‘ಹಸಿವು’ ಎಂದೇ ಇರುತ್ತಿತ್ತು. ಮಧ್ಯಾಹ್ನದ ಊಟವನ್ನು ನಾಲ್ಕು ಗಂಟೆಗೆ ತಳ್ಳುವ ಮಂಡಿಯ ಅಭ್ಯಾಸವನ್ನು ಬದಲಿಸಿದ್ದರಿಂದ ಸಂಜೆಯ ತುಡಿತ ಎಷ್ಟೋ ತಗ್ಗಿತು. ಕುಡಿಯುವ ತುಡಿತ ತಗ್ಗಿಸುವ ನಾಲ್ಟ್ರೆಕ್ಸೋನ್ ಮಾತ್ರೆಯೂ ಜೊತೆಗೆ ನಡೆದಿತ್ತು. ಗುಂಪಿಗೆ ಹೋಗುವವರಿಗೆ ಮಾತ್ರೆ ಬೇಡ ಎಂದು ಒಬ್ಬ ಸದಸ್ಯರು ಹೇಳಿದ್ದರು. ಅದು ಅವರ ವೈಯಕ್ತಿಕ ಅಭಿಪ್ರಾಯ, ಎಎ ವೈದ್ಯಕೀಯ ವಿಷಯದಲ್ಲಿ ಸಲಹೆ ಕೊಡುವ ಸಂಸ್ಥೆಯಲ್ಲ ಎಂದು ಗುಮಾಸ್ತರಿಗೆ ತಿಳಿಸಲಾಯಿತು.

ಪತ್ನಿಯ ಪಾಲು

ಪತ್ನಿ ಒಂದು ದಿನ ಪುಡಿಯ ಪೊಟ್ಟಣವೊಂದನ್ನು ತಂದು ತೋರಿಸಿದರು. ಗೊತ್ತಾಗದಂತೆ ಸಾರಿನಲ್ಲಿ ಬೆರೆಸಿದರೆ ಕುಡಿತ ಬಿಡುತ್ತಾರೆಂದು ಪರಿಚಯದವರು ಕೊಟ್ಟದ್ದಂತೆ. ಇಂಥ ಪೊಟ್ಟಣಗಳಲ್ಲಿ ಕುಡಿತ ಬಿಡಿಸಲು ಬಳಸುವ ಡೈಸಲ್ಫಿರಾಮ್ ಎಂಬ ಔಷಧ ಇದ್ದರೆ, ಅದರ ಮೇಲೆ ಕುಡಿದಾಗ ಮುಖ ಕೆಂಪೇರಿ, ವಾಂತಿಯಾಗಿ, ರಕ್ತದೊತ್ತಡ ಕುಸಿದು ಜೀವಕ್ಕೇ ಅಪಾಯವಾಗಬಹುದು. ರೋಗಿಗೆ ತಿಳಿಸಿ, ಒಪ್ಪಿಸಿ ಕೊಡಬೇಕಾದ ಔಷಧವದು. ಪೊಟ್ಟಣವನ್ನು ಅಲ್ಲಿಯೇ ಬಿಟ್ಟುಹೋದರು. ಕುಟುಂಬದವರಿಗಾಗಿಯೇ 1951ರಲ್ಲಿ ಹುಟ್ಟಿದ ಅಲ್-ಅನಾನ್ ಎಂಬ ಪ್ರತ್ಯೇಕ ಕೂಟವಿದೆ, ಆದರೆ ಅವರು ಹೋಗಿ ಬರುವಷ್ಟು ಹತ್ತಿರದಲ್ಲಿ ಸಿಗಲಿಲ್ಲ. ಎಲ್ಲರಿಗೂ ತೆರೆದಿರುವ ಸಭೆಯೊಂದಕ್ಕೆ ಗಂಡನ ಜೊತೆ ಹೋಗಿಬಂದರು. ‘ನಮ್ಮನೆಯವರು ಅಲ್ಲಿ ಹೇಳಿದ್ದನ್ನ ಮನೇಲಿ ಯಾವತ್ತೂ ಹೇಳಿಲ್ಲ’ ಎಂದರು. ಸಂತೋಷಕ್ಕಿಂತ ಹೆಚ್ಚಾಗಿ ಅದರಲ್ಲಿ ಅಸಮಾಧಾನವಿತ್ತು, ಅದಕ್ಕೆ ಅವರಿಗೆ ಹಕ್ಕಿದೆ. ಅಡವಿಟ್ಟ ಎರಡೆಳೆ ಸರ ಇನ್ನೂ ಬಿಡಿಸಿಕೊಂಡಿಲ್ಲ.

ಬೀಗರೂಟ

ಐದನೆಯ ತಿಂಗಳಲ್ಲಿ ಅಣ್ಣನ ಮಗಳ ಬೀಗರೂಟದಲ್ಲಿ ಗುಮಾಸ್ತರು ಕುಡಿದರು. ‘ಒಂದು ಪೆಗ್ಗಿಗೆ ಏನಾಗಲ್ಲ ತಗೊಳೋ’ ಎಂದವರು ಒಬ್ಬರಲ್ಲ. ಮೂರು ದಿನ ಸತತವಾಗಿ ಕುಡಿದು, ಫೋನ್ ಆಫ್ ಮಾಡಿ, ಎರಡು ಭಾನುವಾರ ಸಭೆ ತಪ್ಪಿಸಿದರು. ಕುಡಿದದ್ದಕ್ಕಿಂತ ದೊಡ್ಡ ಅಪಾಯ ಈ ತಪ್ಪಿಸಿಕೊಳ್ಳುವಿಕೆಯದು. ಐದು ತಿಂಗಳ ಲೆಕ್ಕ ಸೊನ್ನೆಯಾಯಿತು, ಇನ್ನು ಯಾವ ಮುಖ ಹೊತ್ತು ಹೋಗಲಿ ಎಂಬ ನಾಚಿಕೆಯೇ ಜನರನ್ನು ಗುಂಪಿನಿಂದ ಶಾಶ್ವತವಾಗಿ ದೂರ ಮಾಡುತ್ತದೆ. ದಿನ ಎಣಿಸುವ ಎಎ ಪದ್ಧತಿ ಹಲವರಿಗೆ ಊರುಗೋಲು, ಆದರೆ ಜಾರಿದವರಿಗೆ ಅದೇ ಭಾರವಾಗುವುದನ್ನೂ ಕಂಡಿದ್ದೇನೆ. ಸ್ಪಾನ್ಸರ್ ಕೊಬ್ಬರಿ ಕೊಳ್ಳುವವರಂತೆ ಮಂಡಿಗೇ ಬಂದು, ಮೂಟೆಗಳ ಮರೆಯಲ್ಲಿ ಕುಳಿತು, ತಾವು ಜಾರಿದ್ದು ಎಷ್ಟು ಸಲವೆಂದು ಹೇಳಿ ಹೋದರು. ಮುಂದಿನ ಭಾನುವಾರ ಗುಮಾಸ್ತರು ಬಂದರು. ಈ ಬಾರಿ ವೈದ್ಯರನ್ನು ಮೊದಲೇ ಕಂಡಿದ್ದರಿಂದ ಬಿಡುವಾಗ ಫಿಟ್ಸ್ ಬರಲಿಲ್ಲ.

ಗುಂಪು ನಿಜಕ್ಕೂ ಕೆಲಸ ಮಾಡುತ್ತದೆಯೇ ಎಂದು ಕೇಳುವವರಿಗೆ ಉತ್ತರ ಈಗ ಸಾಕಷ್ಟು ಸ್ಪಷ್ಟವಿದೆ. ಚಿಕಿತ್ಸೆಗಳ ಕುರಿತ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿನೋಡುವ ಕಾಕ್ರೇನ್ ಸಂಸ್ಥೆಯ, 2020ರಲ್ಲಿ ಪ್ರಕಟವಾದ ಪರಾಮರ್ಶೆಯು 10,565 ಜನರನ್ನೊಳಗೊಂಡ 27 ಅಧ್ಯಯನಗಳನ್ನು ಒಟ್ಟಿಗೆ ನೋಡಿತು. ರೋಗಿಗಳನ್ನು ವ್ಯವಸ್ಥಿತವಾಗಿ ಎಎಗೆ ಜೋಡಿಸುವ ಚಿಕಿತ್ಸೆಯಲ್ಲಿ ಒಂದು ವರ್ಷದ ಹೊತ್ತಿಗೆ ಪೂರ್ತಿ ಬಿಟ್ಟು ನಿಂತವರು ಶೇ. 42ರಷ್ಟಿದ್ದರೆ, ಯೋಚನೆ, ನಡವಳಿಕೆಗಳನ್ನು ಮಾತಿನ ಮೂಲಕ ತಿದ್ದುವ ಅರಿವಿನ ವರ್ತನಾ ಚಿಕಿತ್ಸೆಯಂಥ ಇತರ ವಿಧಾನಗಳಲ್ಲಿ ಶೇ. 35ರಷ್ಟಿದ್ದರು. ನಮ್ಮ ದೇಶದ ಸಮಸ್ಯೆ ಅದಕ್ಕೂ ಮೊದಲಿನ ಹಂತದ್ದು: 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಮದ್ಯದ ಅವಲಂಬನೆ ಇರುವ 38 ಜನರಲ್ಲಿ ಒಬ್ಬರಿಗಷ್ಟೇ ಯಾವುದಾದರೂ ಬಗೆಯ ಚಿಕಿತ್ಸೆ ಅಥವಾ ನೆರವು ಸಿಗುತ್ತಿದೆ.

ಈಗಿನ ಸ್ಥಿತಿ

ಬೀಗರೂಟದ ನಂತರ ಒಂದು ವರ್ಷ ಕಳೆದಿದೆ, ಗುಮಾಸ್ತರು ಮತ್ತೆ ಕುಡಿದಿಲ್ಲ. ಯಕೃತ್ತಿನ ಪರೀಕ್ಷೆಯ ಅಂಕಿಗಳು ಹದಕ್ಕೆ ಬಂದಿವೆ, ನಿದ್ದೆ ಇನ್ನೂ ಸರಿಯಾಗಿಲ್ಲ. ಪ್ರತಿ ಭಾನುವಾರ ಹೋಗಿಬರಲು ಮೂರು ಗಂಟೆ ಬಸ್ಸಿನಲ್ಲೇ ಹೋಗುತ್ತದೆ ಎಂಬ ಕಾರಣಕ್ಕೆ, ಅದೇ ಬಸ್ಸಿನಲ್ಲಿ ಪರಿಚಯವಾದ ಇನ್ನಿಬ್ಬರನ್ನು ಸೇರಿಸಿಕೊಂಡು ತಮ್ಮೂರಿನಲ್ಲಿಯೇ ವಾರದ ನಡುವೆ ಒಂದು ಸಭೆ ಶುರುಮಾಡುವ ಪ್ರಯತ್ನದಲ್ಲಿದ್ದಾರೆ. ಕುಡಿತ ಬಿಡಲೆಂದು ಇಬ್ಬರು ಮೂವರು ಸೇರಿದರೂ ಎಎ ಅದನ್ನು ಗುಂಪೆಂದೇ ಒಪ್ಪುತ್ತದೆ. ತೊಡಕಾಗಿರುವುದು ಜಾಗ. ಸರ್ಕಾರಿ ಆಸ್ಪತ್ರೆಯಲ್ಲಿ ಕೋಣೆ ಕೊಡಲು ಒಪ್ಪಿದ್ದಾರೆ, ಆದರೆ ಸಂಜೆ ಐದಕ್ಕೆ ಬೀಗ ಬೀಳುತ್ತದೆ, ಮಂಡಿಯ ಲೆಕ್ಕ ಮುಗಿಯುವುದು ಆರಕ್ಕೆ. ಗ್ರಂಥಾಲಯದ ಹಿಂಭಾಗದ ಕೋಣೆ ಸಿಗಬಹುದು, ಆದರೆ ಅದು ಬಸ್ ನಿಲ್ದಾಣದ ಎದುರಿಗೇ ಇರುವುದರಿಂದ ಒಳಗೆ ಹೋಗುವವರನ್ನು ಊರೆಲ್ಲ ನೋಡುತ್ತದೆಂದು ಉಳಿದಿಬ್ಬರು ಹಿಂಜರಿಯುತ್ತಿದ್ದಾರೆ. ತಾನು ಬಾರಿಗೆ ಹೋಗುವುದನ್ನು ಇಷ್ಟು ವರ್ಷ ಅದೇ ಊರು ನೋಡಿದೆ ಎಂಬುದು ಗುಮಾಸ್ತರ ವಾದ. ಉಳಿದಿಬ್ಬರು ಇನ್ನೂ ಒಪ್ಪಿಲ್ಲ. ಸದ್ಯಕ್ಕೆ ಮಂಡಿಯ ಯಜಮಾನರ ಖಾಲಿ ಗೋದಾಮನ್ನು ಬುಧವಾರ ರಾತ್ರಿ ಏಳರಿಂದ ಎಂಟರವರೆಗೆ ಕೇಳಿದ್ದಾರೆ.